ಕಡಲಿಗೂ ಆಷಾಢ

ಹೊಸದಾಗಿ ಮದುವೆಯಾದವರಿಗೆ ನಮ್ಮ ಹಿರಿಯರು ವರ್ಷಕ್ಕೆ ಹನ್ನೊಂದೇ ತಿಂಗಳು ಕೊಟ್ಟಿದ್ದಾರೆ. ಹನ್ನೆರಡನೆಯದಕ್ಕೆ ಆಷಾಢವೆಂದು ಹೆಸರಿಟ್ಟು ತಮ್ಮಲ್ಲಿಯೇ ಉಳಿಸಿಕೊಂಡಿದ್ದಾರೆ. ಆ ತಿಂಗಳು ಅತ್ತೆಯೂ ಹೊಸ ಸೊಸೆಯೂ ಒಂದೇ ಹೊಸ್ತಿಲು ದಾಟಬಾರದಂತೆ. ಆದ್ದರಿಂದ ಹುಡುಗಿ ತವರಿಗೆ ಹೋಗಬೇಕು. ಕೇಳಿದರೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಆಷಾಢದಲ್ಲಿ ಬಸುರಾದರೆ ಬಿರುಬೇಸಗೆಯಲ್ಲಿ ಹೆರಿಗೆಯಾಗುತ್ತದೆ ಎಂದು ಒಬ್ಬರು. ಹೊಸ ಗಂಡನಿಗೆ ಹೊಲದ ಕಡೆ ಲಕ್ಷ್ಯವಿರುವುದಿಲ್ಲ ಎಂದು ಇನ್ನೊಬ್ಬರು. ತುಳುನಾಡಿನಲ್ಲಿಯೂ ಆಟಿ ತಿಂಗಳಲ್ಲಿ ಹೊಸ ಮದುಮಗಳು ತವರಿಗೆ ಹೋಗುತ್ತಾಳೆ. ಘಟ್ಟದ ಮೇಲೂ ಕೆಳಗೂ ಒಪ್ಪಿಕೊಂಡು ಬಂದ ಕಾನೂನಿಗೆ ನಾನೊಬ್ಬ ಎದುರು ಹೇಳಿ ಆಗಬೇಕಾದದ್ದೇನು? ಸುಮ್ಮನಾದೆ.

ಆದರೆ ನನ್ನ ಮನಸ್ಸಿನಲ್ಲಿ ಒಂದು ಅಳುಕು ಇತ್ತು. ನಮ್ಮದು ಪಾಂಡವಪುರದ ಕಡೆ, ವಿಶ್ವೇಶ್ವರಯ್ಯ ನಾಲೆಯ ಬದಿಯ ಹಳ್ಳಿ. ಹೆಂಡತಿ ಕುಮಟೆಯ ಕಡೆಯವಳು. ಮೈಸೂರಿನಲ್ಲಿ ಕೆಲಸಕ್ಕಿದ್ದಳು, ಹಿರಿಯರೊಬ್ಬರು ನಡುವೆ ನಿಂತು ಮಾತು ಕೂಡಿಸಿದರು, 2024ರ ಶಿವರಾತ್ರಿಗೆ ಮುಂಚೆ ಮದುವೆಯಾಯಿತು. ಅವಳು ನಮ್ಮ ಮನೆಗೆ ಬಂದದ್ದು ಎಂಥ ಬೇಸಗೆಯಲ್ಲಿ! ಹಿಂದಿನ ವರ್ಷ ಮಳೆ ಕೈಕೊಟ್ಟು ಕನ್ನಂಬಾಡಿ ಕಟ್ಟೆ ತುಂಬಿರಲಿಲ್ಲ. ನಾಲೆಯ ತಳ ಬಿರುಕು ಬಿಟ್ಟಿತ್ತು, ಗದ್ದೆ ಬೀಳು ಬಿದ್ದಿತ್ತು. ಹೊಳೆ, ಕಡಲು, ತೆಂಗಿನ ತೋಟಗಳ ನಡುವೆ ಬೆಳೆದ ಹುಡುಗಿ ಆ ಒಣ ನಾಲೆಯ ಏರಿಯ ಮೇಲೆ ಸಂಜೆ ಹೊತ್ತು ನಿಂತಿರುತ್ತಿದ್ದಳು. ಬಾಯಿಬಿಟ್ಟು ಒಂದು ಮಾತೂ ದೂರಿದವಳಲ್ಲ. ರಾತ್ರಿ ಮಾತ್ರ ನಿದ್ದೆ ಬರುತ್ತಿರಲಿಲ್ಲ. ನಡುರಾತ್ರಿ ಎಚ್ಚರವಾದರೆ ಅವಳು ಎದ್ದು ಕೂತಿರುತ್ತಿದ್ದಳು. ಏನೆಂದರೆ, “ಏನಿಲ್ಲ, ನೀವು ಮಲಗಿ” ಎನ್ನುವಳು.

ಇದು ಅಮ್ಮನ ಕಣ್ಣಿಗೂ ಬಿದ್ದಿತ್ತು. ಹೊರಡುವ ಹಿಂದಿನ ದಿನ ಹಿತ್ತಲಲ್ಲಿ ನನ್ನನ್ನು ನಿಲ್ಲಿಸಿಕೊಂಡು, “ಕಡ್ಲು ಕಂಡೋಳು ಕಣ್ಲಾ. ನಮ್ಮ್ ನಾಲೆ ನೋಡ್ಕಂಡು ಇರ್ತಾಳಾ?” ಎಂದರು. ಆಷಾಢ ಮುಗಿದ ಮೇಲೆ ಅವಳು ಬರುತ್ತಾಳೆ, ಅದರಲ್ಲಿ ಅನುಮಾನವಿರಲಿಲ್ಲ. ಬರುವುದು ಬೇರೆ, ಮನಸ್ಸಿಟ್ಟು ಬರುವುದು ಬೇರೆ. ಅಮ್ಮ ಕೇಳಿದ್ದು ಆ ಎರಡನೆಯದನ್ನು.

ಅಮಾವಾಸ್ಯೆ ಜುಲೈ 5ಕ್ಕೆ. ಅದಕ್ಕೆ ಮುಂಚೆ ಸೊಸೆ ತವರಿನ ಹೊಸ್ತಿಲು ದಾಟಬೇಕೆಂದು ಅಮ್ಮನ ಆಜ್ಞೆ. ಚಿಕ್ಕಪ್ಪನ ಹಳೆಯ ಮಾರುತಿ ಕಾರನ್ನು ಬೇಡಿ ತಂದು 3ರಂದು ಹೊರಟೆವು. ಹಾಸನ, ಶಿರಾಡಿ ಘಾಟಿ ಇಳಿದು ಮಂಗಳೂರಿನಲ್ಲಿ ರಾತ್ರಿ ತಂಗಿ, ಮರುದಿನ ಬೆಳಗಿನ ಜಾವವೇ ಉತ್ತರಕ್ಕೆ ಮುಖ ಮಾಡಿದೆವು. ಹಿಂದೆ 17 ಎಂದು ಕರೆಸಿಕೊಳ್ಳುತ್ತಿದ್ದು ಈಗ 66 ಎನಿಸಿಕೊಂಡಿರುವ ಈ ಹೆದ್ದಾರಿಯಲ್ಲಿ ಮಂಗಳೂರಿನಿಂದ ಕಾರವಾರಕ್ಕೆ ಸುಮಾರು 270 ಕಿಲೋಮೀಟರು. ಎಡಗಡೆ ಕಡಲು, ಬಲಗಡೆ ಘಟ್ಟ. ಘಟ್ಟದಿಂದ ಕಡಲಿಗೆ ಓಡುವ ಹೊಳೆಗಳೆಲ್ಲ ರಸ್ತೆಗೆ ಅಡ್ಡ. ಫಲ್ಗುಣಿ, ಶಾಂಭವಿ, ಸ್ವರ್ಣಾ, ಸೀತಾ ಎಂದು ಒಂದೊಂದಾಗಿ ದಾಟುತ್ತ ಹೋದೆವು. ಸೇತುವೆಗಳಿಲ್ಲದ ಕಾಲದಲ್ಲಿ ಪ್ರತಿಯೊಂದು ಹೊಳೆಯ ದಡದಲ್ಲಿಯೂ ಇಳಿದು ದೋಣಿಗಾಗಿ ಕಾಯಬೇಕಾಗಿತ್ತಂತೆ. ಈಗ ಹೊಳೆ ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ. ಹೊಸ ಗಂಡಹೆಂಡಿರಿಗೆ ಹಳೆಯ ಏರ್ಪಾಡೇ ಮೇಲಾಗಿತ್ತೇನೋ! ದಡದಲ್ಲಿ ಎರಡು ಗಂಟೆ ಕೂತರೆ ಎಂಥ ಮೌನಿಗಳೂ ಎರಡು ಮಾತನಾಡಲೇಬೇಕು.

ಮಳೆ ಬಿಡದೆ ಹೊಯ್ಯುತ್ತಿತ್ತು. ಕೋಟ ಕಳೆದು ಕುಂದಾಪುರ ದಾಟಿದಾಗ ಸೇತುವೆಯಿಂದ ಗಂಗೊಳ್ಳಿಯ ಕಡೆ ದೋಣಿಗಳು ಸಾಲಾಗಿ ಕಟ್ಟಿ ನಿಂತದ್ದು ಕಂಡಿತು. ಇಂಥ ದೊಡ್ಡ ಬಂದರಿನಲ್ಲಿ ಇಷ್ಟೊಂದು ದೋಣಿಗಳು ಕೆಲಸವಿಲ್ಲದೆ ನಿಂತಿವೆಯಲ್ಲ ಎಂದೆ. ಅವಳು ಅಂದಳು: “ಜೂನ್ 1ರಿಂದ ಜುಲೈ 31ರ ತನಕ ಯಂತ್ರದ ದೋಣಿ ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆಯಿಡುವ ಕಾಲ. ನಾಡದೋಣಿಯವರು ಮಾತ್ರ ಗಾಳಿ ನೋಡಿಕೊಂಡು ಹೋಗುತ್ತಾರೆ.” ಸ್ವಲ್ಪ ಹೊತ್ತಿನ ಮೇಲೆ ತಾನೇ ನಕ್ಕು, “ಕಡಲಿಗೂ ಆಷಾಢ” ಎಂದಳು.

ಅವಳು ನಗುವುದನ್ನು ನಾನು ನಾಲ್ಕು ತಿಂಗಳಲ್ಲಿ ಎಷ್ಟು ಸಲ ಕಂಡಿದ್ದೆ ಎಂದು ಲೆಕ್ಕ ಹಾಕುತ್ತ ಕಾರು ನಡೆಸಿದೆ.

ಮರವಂತೆಯ ಹೆಸರನ್ನು ನೀವೂ ಕೇಳಿರುತ್ತೀರಿ. ಚಿತ್ರದಲ್ಲಾದರೂ ನೋಡಿರುತ್ತೀರಿ. ಒಂದು ಬದಿ ಅರಬ್ಬೀ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ನದಿ, ನಡುವೆ ರಸ್ತೆ. ಬೇಸಗೆಯಲ್ಲಿ ಅದು ನೋಡಲು ಚಂದ. ಮಳೆಗಾಲದಲ್ಲಿ ಚಂದವೆನ್ನುವ ಮಾತು ಬಾಯಿಗೆ ಬರುವುದಿಲ್ಲ. ಕಡಲು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಕೊರೆತ ತಡೆಯಲು ಹಾಕಿದ ಬಂಡೆಗಳ ಮೇಲೆ ಅಲೆ ಅಪ್ಪಳಿಸಿ, ಅದರ ಹನಿ ಕಾರಿನ ಗಾಜಿನವರೆಗೂ ಹಾರುತ್ತಿತ್ತು. ನಾನು ಕಂಡಿದ್ದ ನೀರೆಲ್ಲ ತೂಬು ಎತ್ತಿದರೆ ಬರುವ, ಇಳಿಸಿದರೆ ನಿಲ್ಲುವ, ಹೇಳಿದ ಮಾತು ಕೇಳುವ ನೀರು. ಈ ನೀರು ಯಾರ ಮಾತನ್ನೂ ಕೇಳುವಂತಿರಲಿಲ್ಲ. ನನಗೆ ನಿಜವಾಗಿಯೂ ಭಯವಾಯಿತು.

ಬಲಗಡೆಯ ನದಿಯ ಕಥೆಯನ್ನು ಅವಳೇ ಹೇಳಿದಳು. ಸೌಪರ್ಣಿಕಾ ಕೊಲ್ಲೂರಿನ ಕಾಡಿನಿಂದ ಇಳಿದು ಇಲ್ಲಿಯವರೆಗೆ ಬಂದು, ಇನ್ನೇನು ಕಡಲನ್ನು ಮುಟ್ಟಬೇಕು ಎನ್ನುವಷ್ಟರಲ್ಲಿ ಹೊರಳಿಬಿಡುತ್ತಾಳೆ. ರಸ್ತೆಯ ಈಚೆಗೆ ಕಡಲಿನ ಜೊತೆಜೊತೆಯಲ್ಲೇ ದಕ್ಷಿಣಕ್ಕೆ ಹರಿದು, ವಾರಾಹಿ, ಚಕ್ರಾ ಮೊದಲಾದ ಹೊಳೆಗಳನ್ನು ಕೂಡಿಕೊಂಡು, ಐವರೂ ಒಂದಾಗಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲಿಗೆ ಸೇರುತ್ತಾರೆ. ಅದಕ್ಕೇ ಪಂಚಗಂಗಾವಳಿ ಎಂಬ ಹೆಸರು. “ಅಷ್ಟು ಹತ್ತಿರ ಬಂದವಳು ಸುತ್ತಿ ಹೋಗುವುದೇಕೆ?” ಎಂದೆ. ಉತ್ತರ ಬರಲಿಲ್ಲ. ತಿರುಗಿ ನೋಡಿದೆ. ಅವಳು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು.

ಕಾರನ್ನು ಬದಿಗೆ ನಿಲ್ಲಿಸಿದೆ. ಮೇಲೆ ಮಳೆಯ ಸದ್ದು, ಪಕ್ಕದಲ್ಲಿ ಕಡಲಿನ ಮೊರೆತ. ಒಂದು ಮಾತನ್ನು ಎರಡು ಸಲ ಕೂಗಿ ಹೇಳಬೇಕು, ಅಂಥ ಗದ್ದಲ. ಆ ಗದ್ದಲದಲ್ಲಿ ಅವಳು ಮಗುವಿನಂತೆ ಮಲಗಿದ್ದಳು. ಮುಕ್ಕಾಲು ಗಂಟೆ ನಾನು ಅಲ್ಲಾಡದೆ ಕೂತೆ. ನಮ್ಮ ಮನೆಯಲ್ಲಿ ಇಲ್ಲದಿದ್ದದ್ದು ಏನೆಂದು ಆಗ ತಿಳಿಯಿತು. ಒಣ ನಾಲೆಯ ಹಳ್ಳಿಯ ನಡುರಾತ್ರಿ ನಾಯಿ ಬೊಗಳದಿದ್ದರೆ ಸೂಜಿ ಬಿದ್ದದ್ದೂ ಕೇಳುತ್ತದೆ. ಹುಟ್ಟಿದಂದಿನಿಂದ ಜೋಗುಳವಾಗಿದ್ದ ಸದ್ದು ನಿಂತುಹೋದರೆ ಯಾರಿಗೆ ತಾನೇ ನಿದ್ದೆ ಬಂದೀತು? ಎಚ್ಚರವಾದಾಗ ಅವಳಿಗೆ ನಾಚಿಕೆಯಾಯಿತು. “ನೀರಿನ ಸದ್ದು ಕೇಳಿ ಎಷ್ಟು ದಿನವಾಗಿತ್ತು” ಎಂದಷ್ಟೇ ಅಂದಳು. ಕಾರಣ ತಿಳಿದದ್ದರಿಂದ ಸಮಾಧಾನವಾಯಿತೆನ್ನಲೇ? ಕಡಲನ್ನು ಪಾಂಡವಪುರಕ್ಕೆ ಕೊಂಡೊಯ್ಯುವ ಉಪಾಯ ಯಾರ ಬಳಿಯೂ ಇರಲಿಲ್ಲ.

ಬೈಂದೂರು ಬಿಟ್ಟು ಭಟ್ಕಳಕ್ಕೆ ಹೋಗುವ ನಡುವೆ ಒಂದು ಹಳೆಯ ಗಡಿ ದಾಟುತ್ತೇವೆ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. 1956ರ ನವೆಂಬರ್ 1ರವರೆಗೆ ನನ್ನ ತಾತ ಮೈಸೂರಿನವರು, ಅವಳ ಅಜ್ಜ ಮುಂಬಯಿಯವರು, ನಡುವಿನ ಮಂಗಳೂರು ಮೊನ್ನೆಮೊನ್ನೆಯವರೆಗೆ ಮದರಾಸಿಗೆ ಸೇರಿದ್ದು. ನಮ್ಮ ಈ ಒಂದು ಪ್ರಯಾಣದಲ್ಲಿ ಮೂರು ಸರಕಾರಗಳನ್ನು ದಾಟಬೇಕಾಗಿತ್ತು. ಏಕೀಕರಣಕ್ಕೆ ದುಡಿದವರು ನಮ್ಮ ಮದುವೆಯ ಮಾತನ್ನು ಎಣಿಸಿರಲಾರರು. ಆದರೂ ಅವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಹೊನ್ನಾವರದಲ್ಲಿ ಶರಾವತಿ. ಜೋಗದಲ್ಲಿ ಧುಮುಕಿ ಹೆಸರು ಮಾಡಿದವಳು ಇಲ್ಲಿ ಅಗಲವಾಗಿ, ಮೆಲ್ಲಗೆ, ದೊಡ್ಡಮನೆಯ ಹಿರಿಯಳಂತೆ ಹೋಗುತ್ತಾಳೆ. ಅದನ್ನೂ ದಾಟಿ ಕುಮಟೆ ಬಂತು. ನಾನು ಕಾರು ನಿಧಾನ ಮಾಡಿದೆ. “ಅಮಾವಾಸ್ಯೆ ನಾಳೆಯಲ್ಲವೇ? ಇವತ್ತು ರಾತ್ರಿಯೊಳಗೆ ಮನೆ ಸೇರಿದರೆ ಸಾಕು. ಕಾಳಿ ನದಿ ನೋಡಿ ಬರೋಣ” ಎಂದಳು. ತವರಿನ ಊರನ್ನು ಎದುರಿಗಿಟ್ಟುಕೊಂಡು, ಗಂಡನ ಜೊತೆ ಎಪ್ಪತ್ತು ಕಿಲೋಮೀಟರು ಮುಂದಕ್ಕೆ ಹೋಗೋಣವೆಂದ ಹುಡುಗಿಯ ಮಾತಿಗೆ ನನಗೆಷ್ಟು ಸಂತೋಷವಾಯಿತೆಂದು ಬರೆಯುವುದು ಸಭ್ಯತೆಯಲ್ಲ.

ಅಂಕೋಲೆಯ ದಾರಿಯಲ್ಲಿ ಒಂದು ಕಡೆ ಗಂಗಾವಳಿ ಕೆಂಪಗೆ ತುಂಬಿ ಹರಿಯುತ್ತಿತ್ತು, ಇನ್ನೊಂದು ಕಡೆ ರಸ್ತೆಗಾಗಿ ಬುಡ ಕಡಿದ ಗುಡ್ಡ. ಲಾರಿಗಳು ಸಾಲಾಗಿ ನಿಂತಿದ್ದವು. ದಾಟಿ ಹೋದೆವು.

ಕಾರವಾರ ತಲುಪಿದಾಗ ಮಳೆ ಸ್ವಲ್ಪ ಬಿಟ್ಟಿತ್ತು. ರವೀಂದ್ರನಾಥ ಠಾಕೂರರು 1883ರಲ್ಲಿ ಈ ಊರಿಗೆ ಬಂದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋಗಿ ಬಂದ ರಾತ್ರಿಯನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಒಂದು ನಾಟಕವನ್ನೂ ಇಲ್ಲಿಯೇ ಬರೆದರು. ಊರಿಗೆ ಮರಳಿ ಸ್ವಲ್ಪ ಕಾಲದಲ್ಲೇ, ಅದೇ ಡಿಸೆಂಬರಿನಲ್ಲಿ, ಅವರ ಮದುವೆಯಾಯಿತು. ಆಗ ಅವರಿಗೆ ಇಪ್ಪತ್ತೆರಡು ವರ್ಷ. “ಅವರು ಕಡಲು ನೋಡಿ ಮದುವೆಯಾದರು, ನಾನು ಮದುವೆಯಾಗಿ ಕಡಲು ನೋಡಿದೆ” ಎಂದೆ. “ಅವರು ಕವಿಗಳು” ಎಂದು ಅವಳು ಆ ಮಾತನ್ನು ಅಲ್ಲಿಗೇ ಮುಗಿಸಿದಳು. ಕಾಳಿಯ ಮೇಲೆ ಹಳೆಯ ಸೇತುವೆಯೂ ಹೊಸ ಸೇತುವೆಯೂ ಒಂದರ ಪಕ್ಕ ಒಂದು ನಿಂತಿದ್ದವು. ಇಬ್ಬರೂ ಒಂದು ಕೊಡೆಯ ಕೆಳಗೆ ಕತ್ತಲಾಗುವವರೆಗೆ ನೋಡಿದೆವು.

ರಾತ್ರಿ ಒಂಬತ್ತಕ್ಕೆ ಅವಳ ಮನೆ ಸೇರಿದೆವು. “ಬನ್ನಿ ಬನ್ನಿ, ಆಸರಿಗೆ ಏನು ಬೇಕು?” ಎಂದು ಮಾವ ಚೊಂಬು ಹಿಡಿದು ಬಂದರು. ಮರುದಿನ ಅಮಾವಾಸ್ಯೆ, ಹೊರಡಬಾರದು. ಆ ನೆಪದಿಂದ ಮಾವನ ಗದ್ದೆ ನೋಡಿದೆ. ಅಘನಾಶಿನಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಆದ್ದರಿಂದ ಅಳಿವೆಯಲ್ಲಿ ಸಿಹಿನೀರೂ ಉಪ್ಪುನೀರೂ ಇಂದಿಗೂ ತಮ್ಮ ಪಾಡಿಗೆ ತಾವು ಕೂಡುತ್ತವೆ. 2024ರ ಜನವರಿಯಲ್ಲಿ ಇದನ್ನು ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿಸಿದರು. ಆ ದಡದ ಗಜನಿ ಗದ್ದೆಗಳಲ್ಲಿ ಕಗ್ಗವೆಂಬ ಬತ್ತ ಬೆಳೆಯುತ್ತದೆ. ಉಪ್ಪು ನೀರಿನಲ್ಲಿ ಬತ್ತ! ಮಂಡ್ಯ ಜಿಲ್ಲೆಯ ರೈತನ ಮಗ ನಾನು, ನಂಬಲಿಲ್ಲ. ಮೊದಲ ಮಳೆಗಳು ಉಪ್ಪನ್ನು ತೊಳೆಯುವವರೆಗೆ ಕಾದು ಮೊಳಕೆ ಬತ್ತ ಬಿತ್ತುತ್ತಾರೆ; ಗೊಬ್ಬರವಿಲ್ಲ; ಪೈರು ಎದೆಯೆತ್ತರ ಬೆಳೆದು ನೆರೆ ಬಂದರೂ ತಾಳಿಕೊಳ್ಳುತ್ತದೆ. ತೆನೆ ಮಾತ್ರ ಕೊಯ್ದು ಹುಲ್ಲನ್ನು ಬಿಡುತ್ತಾರೆ. ಆಮೇಲೆ ಕಟ್ಟೆಯ ಬಾಗಿಲು ತೆಗೆದರೆ ಭರತದ ನೀರಿನೊಡನೆ ಮೀನೂ ಸಿಗಡಿಯೂ ಒಳಕ್ಕೆ ಬಂದು ಆ ಕೂಳೆಯ ನಡುವೆ ಬೆಳೆಯುತ್ತವೆ. ಮಾವ ಒಂದು ಹಿಡಿ ಬತ್ತ ನನ್ನ ಕೈಗೆ ಸುರಿದು, “ಅವಸರ ಮಾಡಿದರೆ ಇದು ಆಗುವುದಿಲ್ಲ. ಉಪ್ಪು ಇಳಿಯಬೇಕು” ಎಂದರು. ಅವರು ಬತ್ತದ ಮಾತನ್ನೇ ಹೇಳಿದ್ದು. ನಾನು ಮಾತ್ರ ಬೇರೆ ಲೆಕ್ಕ ಹಾಕಿಕೊಂಡು ಆರರಂದು ಒಬ್ಬನೇ ಹೊರಟೆ.

ಜುಲೈ 16ರ ಬೆಳಿಗ್ಗೆ ನಾವು ದಾಟಿ ಹೋಗಿದ್ದ ಆ ದಾರಿಯಲ್ಲಿ, ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ರಸ್ತೆಬದಿಯ ಚಹದಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ನಿಂತಿದ್ದ ಲಾರಿ ಎಲ್ಲವೂ ಮಣ್ಣಿನ ಪಾಲಾದವು. ಮಣ್ಣು ಬಿದ್ದ ರಭಸಕ್ಕೆ ಗಂಗಾವಳಿ ಉಕ್ಕಿ ಎದುರು ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಹನ್ನೆರಡು ದಿನದ ಹಿಂದೆ ನಾವಿಬ್ಬರೂ ನಗುತ್ತ ಅಲ್ಲಿ ಹೋಗಿದ್ದೆವು. ಸುದ್ದಿ ಕೇಳಿ ಮೊಬೈಲು ಒತ್ತಿದರೆ ಸಂಜೆಯವರೆಗೂ ಸಿಗಲಿಲ್ಲ. ಅಮ್ಮ ಊಟ ಬಿಟ್ಟು ಕೂತರು. ಕತ್ತಲಾದ ಮೇಲೆ ಅವಳೇ ಕರೆ ಮಾಡಿದಳು. ಮನೆಯವರೆಲ್ಲ ಕ್ಷೇಮ, ಕರೆಂಟು ಇಲ್ಲ, ಮಳೆ ನಿಂತಿಲ್ಲ ಎಂದಳು. ಈಗಲೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದೆ. “ಈ ಮಳೆಯಲ್ಲಿ ದಯವಿಟ್ಟು ಬರಬೇಡಿ. ಶ್ರಾವಣ ಬರಲಿ” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಟ್ಟೆ ಎಷ್ಟಡಿ ಆಯ್ತು?” ಎಂದಳು.

ಕನ್ನಂಬಾಡಿಯ ನೀರಿನ ಮಟ್ಟವನ್ನು ದಿನವೂ ವಿಚಾರಿಸುವುದು ನಮ್ಮ ಕಡೆಯವರ ಚಾಳಿ. ಹೊರಗಿನವರು ಕೇಳುವುದಿಲ್ಲ. ನಾನು ಅಮ್ಮನ ಕಡೆ ತಿರುಗಿ ಆ ಪ್ರಶ್ನೆಯನ್ನು ಹಾಗೆಯೇ ಹೇಳಿದೆ. ಅಮ್ಮ ಎದ್ದು ತಟ್ಟೆ ಹಾಕಿದರು.

ಆ ತಿಂಗಳ ಕೊನೆಯ ವಾರದಲ್ಲಿ ಕಟ್ಟೆ 124.80 ಅಡಿ ಮುಟ್ಟಿ ತುಂಬಿತು. ನಾಲೆಗೂ ನೀರು ಬಂತು. ಆಗಸ್ಟ್ 5ರಿಂದ ಶ್ರಾವಣ. 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ, 1983ರಿಂದ ನಿಂತಿದ್ದದ್ದು, ಕುಸಿದು ಹೊಳೆಗೆ ಬಿತ್ತು. ಲಾರಿಯೊಂದು ಅದರೊಡನೆ ಬಿದ್ದರೂ ಚಾಲಕನ ಜೀವ ಉಳಿಯಿತು. ಆ ವಾರವೇ ಹೋಗಿ ಅವಳನ್ನು ಕರೆತಂದೆ. ಗಂಗೊಳ್ಳಿಯ ದೋಣಿಗಳ ಸಾಲು ಆಗ ತೆಳುವಾಗಿತ್ತು. ಕಡಲಿನ ಆಷಾಢವೂ ಮುಗಿದಿತ್ತು.

ನಮ್ಮ ಮನೆಯ ಹಿಂದೆ ನಾಲೆಯಿಂದ ಗದ್ದೆಗೆ ನೀರು ಬಿಡುವ ಒಂದು ತೂಬಿದೆ. ನೀರಿರುವಾಗ ಅದು ಹಗಲೂ ರಾತ್ರಿ ಸದ್ದು ಮಾಡುತ್ತದೆ. ಹುಟ್ಟಿದಂದಿನಿಂದ ಕೇಳಿದ ನಮಗೆ ಅದು ಕಿವಿಗೇ ಬೀಳುವುದಿಲ್ಲ. ಅವಳು ಮೊದಲ ಬೇಸಗೆಯಲ್ಲಿ ಅದನ್ನು ಕೇಳಿಯೇ ಇರಲಿಲ್ಲ. ಬಂದ ರಾತ್ರಿ ಹಿತ್ತಲ ಕಿಟಕಿ ತೆಗೆದು, “ಇದೇನು ಸದ್ದು?” ಎಂದಳು. ಹೇಳಿದೆ. ಕಿಟಕಿ ಮುಚ್ಚಬೇಡಿ ಎಂದಳು.

ಬೆಳಿಗ್ಗೆ ಅವಳು ಎದ್ದಾಗ ಎಂಟು ಗಂಟೆ ದಾಟಿತ್ತು. ಅಮ್ಮ ಎಬ್ಬಿಸಿರಲಿಲ್ಲ.