ಬೆಲ್ಟ್ ಹಾಕುವ ಮೊದಲು

ಷಟರ್ ಅರ್ಧಕ್ಕೆ ಎತ್ತಿದೆ, ಬಗ್ಗಿ ಒಳಗೆ ಬನ್ನಿ. ಪೀಣ್ಯದ ಈ ಅಡ್ಡರಸ್ತೆಯಲ್ಲಿ ಎಡಕ್ಕೆ ಗೇರ್ ಹಲ್ಲು ಕೊರೆಯುವವರು, ಬಲಕ್ಕೆ ಪೌಡರ್ ಕೋಟಿಂಗ್‌ನವರು, ನಡುವೆ ಈ ಗ್ಯಾರೇಜು. ನೆಲದಲ್ಲಿ ಹೂತಿರುವ, ಇಂಜಿನ್‌ನ ಬಲ ಅಳೆಯುವ ಡೈನೊ ರೋಲರಿನ ಮೇಲೆ ಹಿಂದಿನ ಚಕ್ರ ಕೂರಿಸಿ, ಮುಂದಿನದನ್ನು ಕಬ್ಬಿಣದ ಕಂಬಕ್ಕೆ ಪಟ್ಟಿಯಿಂದ ಬಿಗಿದು ನಿಲ್ಲಿಸಿರುವುದು ತೊಂಬತ್ತರ ದಶಕದ ಬುಲೆಟ್ 500. ಬೀಡಿನ ಸಿಲಿಂಡರು, ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಸೈಲೆನ್ಸರ್ ಬಾಯಿಗೆ ಸಿಕ್ಕಿಸಿದ ದಪ್ಪ ಕೊಳವೆ ಹೊಗೆಯನ್ನು ಹಿತ್ತಲಿಗೆ ಒಯ್ಯುತ್ತದೆ. ಎದುರಿಗೆ ಎರಡು ದೊಡ್ಡ ಫ್ಯಾನು. ನಿಂತಲ್ಲೇ ಓಡುವ ಇಂಜಿನ್‌ಗೆ ಗಾಳಿ ಕೊಡುವವರು ಬೇರೆ ಯಾರೂ ಇಲ್ಲ.

ಮೇಜಿನ ಮೇಲೆ, ಬನಿಯನ್ ವೇಸ್ಟಿನ ಮೇಲೆ ಕೂತಿರುವ ಅಲ್ಯೂಮಿನಿಯಂ ಡಬ್ಬವೇ ಸೂಪರ್‌ಚಾರ್ಜರ್. ಇಲ್ಲಿ ಎಲ್ಲರೂ ಅದನ್ನು ಬ್ಲೋವರ್ ಎನ್ನುತ್ತಾರೆ. ಜಪಾನಿನ 660 ಸಿಸಿಯ ಪುಟ್ಟ ಕಾರಿನಿಂದ ಬಿಚ್ಚಿದ ಐಸಿನ್ ಎಎಂಆರ್ 300. ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿ. ಒಳಗೆ ಎರಡು ರೋಟರುಗಳು ಒಂದನ್ನೊಂದು ಮುಟ್ಟದೆ, ಕೂದಲೆಳೆಯ ಸಂದಿ ಬಿಟ್ಟು ಸುತ್ತುತ್ತವೆ. ಒಂದು ಸುತ್ತಿಗೆ 300 ಸಿಸಿ ಗಾಳಿ. 499 ಸಿಸಿಯ ಬುಲೆಟ್ ಎರಡು ಸುತ್ತಿಗೆ ಒಮ್ಮೆ ಮಾತ್ರ ಉಸಿರೆಳೆಯುತ್ತದೆ. ಅಂದರೆ ಒಂದು ಸುತ್ತಿಗೆ ಅದು ಕುಡಿಯುವುದು ಹೆಚ್ಚೆಂದರೆ 250 ಸಿಸಿ. ಕ್ರ್ಯಾಂಕು ಒಂದು ಸುತ್ತು ಮುಗಿಸುವಷ್ಟರಲ್ಲಿ ಬ್ಲೋವರ್ 1.3 ಸುತ್ತು ತಿರುಗುವಂತೆ ಪುಲ್ಲಿ ಕಟ್ಟಿದರೆ 390 ಸಿಸಿ ಬಂದು ನುಗ್ಗುತ್ತದೆ. ಸಂದಿಯಲ್ಲಿ ಸೋರಿದ್ದನ್ನು ಕಳೆದರೂ ಮಿಕ್ಕ ಗಾಳಿಗೆ ಹೋಗಲು ಬೇರೆ ದಾರಿಯಿಲ್ಲ, ಒತ್ತಡ ಏರಲೇಬೇಕು. ಬೂಸ್ಟ್ ಎಂದರೆ ಇಷ್ಟೇ. ಇಲ್ಲಿ ಹಾಕಿಕೊಂಡಿರುವ ಮಿತಿ 0.4 ಬಾರ್.

ಅದಕ್ಕಿಂತ ಹೆಚ್ಚು ಯಾಕಿಲ್ಲ ಎಂದು ಕೇಳಿದರೆ, ಬುಲೆಟ್ ಕೆಲಸದಲ್ಲೇ ತಲೆ ನರೆತ ಭಾಯ್ ಕ್ರ್ಯಾಂಕ್‌ಕೇಸಿನ ಮೇಲೆ ಬೆರಳಿನಿಂದ ತಟ್ಟುತ್ತಾರೆ. "ಕನೆಕ್ಟಿಂಗ್ ರಾಡ್ ಬುಡದಲ್ಲಿ ಇದ್ದಿದ್ದು ಬುಷ್ ಸಾರ್. ಕಂಪನಿಯವರು ಇಪ್ಪತ್ತೆರಡು ಹಾರ್ಸ್‌ಪವರಿಗೆ ಅಂತ ಹಾಕಿದ್ದು. ಅದನ್ನ ತೆಗೆದು ರೋಲರ್ ಬೇರಿಂಗ್ ಹಾಕಿದೀನಿ, ಆಯಿಲ್ ಪಂಪೂ ದೊಡ್ಡದು ಮಾಡಿದೀನಿ. ಆದ್ರೂ ವಯಸ್ಸಾಗಿದೆ ಇದಕ್ಕೆ." ಈ ಇಂಜಿನ್‌ಗೆ ಒಂದು ಅನುಕೂಲವೂ ಇದೆ. ಇದರ ಕಂಪ್ರೆಷನ್ 6.5ಕ್ಕೆ 1 ಮಾತ್ರ. ಮೊದಲೇ ಬಿಗಿಯಾಗಿ ಒತ್ತುವ ಹೊಸ ಇಂಜಿನ್‌ಗಳಲ್ಲಿ ಬೂಸ್ಟ್‌ಗೆ ಜಾಗ ಕಡಿಮೆ. ಹಳೆಯದರಲ್ಲಿ ಜಾಗ ಧಾರಾಳ.

ಆದರೆ ಇವತ್ತು ಬ್ಲೋವರ್ ಮೇಜಿನ ಮೇಲೇ ಇರುತ್ತದೆ. ಇವತ್ತಿನ ಕೆಲಸ ಇಂಜೆಕ್ಷನ್.

ಬೈಕಿನ ಎಡಕ್ಕೆ ಬನ್ನಿ, ಕಾರ್ಬೊರೇಟರ್ ಇದ್ದ ಜಾಗ ನೋಡಿ. ಹೆಡ್ಡಿಗೆ ಹೊಂದಿದ ಚಿಕ್ಕ ಕೊಳವೆ, ಅದರ ನೆತ್ತಿಯಲ್ಲಿ ಓರೆಯಾಗಿ ಕೂತ ಇಂಜೆಕ್ಟರು, ಹಿಂದೆ ಥ್ರಾಟಲ್ ಬಾಡಿ. ಟ್ಯಾಂಕಿನಿಂದ ಬರುವ ಪೆಟ್ರೋಲನ್ನು ಪಂಪು 3 ಬಾರ್ ಒತ್ತಡದಲ್ಲಿ ನೂಕುತ್ತದೆ. ಕಿಡಿಯ ಹೊತ್ತು ನಿರ್ಧರಿಸುತ್ತಿದ್ದ ಪ್ಲಾಟಿನಂ ಪಾಯಿಂಟ್ ಇಲ್ಲ. ಕ್ರ್ಯಾಂಕಿನ ತುದಿಗೆ 36 ಹಲ್ಲುಗಳಲ್ಲಿ ಒಂದನ್ನು ಕೊರೆದು ತೆಗೆದ ಚಕ್ರ ಹಾಕಿದ್ದಾರೆ. ಸೆನ್ಸರ್ ಮುಂದೆ ಆ ಖಾಲಿ ಜಾಗ ಹಾದಾಗಲೆಲ್ಲ ಪಿಸ್ಟನ್ ಎಲ್ಲಿದೆ ಎಂದು ಇಂಜಿನ್ ನಡೆಸುವ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ಗೊತ್ತಾಗುತ್ತದೆ. ಪೆಟ್ರೋಲಿನ ಅಳತೆ, ಕಿಡಿಯ ಹೊತ್ತು ಎರಡೂ ಇನ್ನು ಅದರದೇ. ಡೀಸೆಲ್ ಪಂಪು, ಇಂಜೆಕ್ಟರುಗಳನ್ನು ಆಡುಗೋಡಿಯ ಮೈಕೊ ಕಾರ್ಖಾನೆಯಲ್ಲಿ ದಶಕಗಟ್ಟಲೆ ಮಾಡಿದ ಊರು ಇದು. ಇಂಜೆಕ್ಟರನ್ನು ಬೆಳಕಿಗೆ ಹಿಡಿದು ಅದರ ತೂತು ನೋಡಿಯೇ ಹೇಳುವ ಕಣ್ಣುಗಳು ಇಲ್ಲಿ ಇನ್ನೂ ಇವೆ.

ಕಿಕ್ಕರ್ ತುಳಿದರು. ಇಂಜಿನ್ ಹತ್ತಿತು. ಎದೆಯೊಳಗೇ ಬಂದು ಬಡಿಯುವ ಆ ಡಬ್ ಡಬ್ ತಗಡಿನ ಮಾಡಿಗೆ ಹೊಡೆದು ವಾಪಸ್ ಬರುತ್ತದೆ.

ಲ್ಯಾಪ್‌ಟಾಪ್ ಮುಂದೆ ಕೂತಿರುವ ಹುಡುಗಿಯ ಹೆಗಲ ಹಿಂದೆ ನಿಲ್ಲಿ. ತೆರೆಯ ಮೇಲೆ ಚೌಕಗಳ ಹಾಳೆ. ಅಡ್ಡಕ್ಕೆ ಇಂಜಿನ್ ವೇಗ, ಉದ್ದಕ್ಕೆ ಗಾಳಿಯ ಒತ್ತಡ; ಪ್ರತಿ ಚೌಕದಲ್ಲಿ ಒಂದು ಸಂಖ್ಯೆ. ಇಂಜಿನ್ ಯಾವ ಚೌಕದಲ್ಲಿ ಓಡುತ್ತಿದೆಯೋ ಅಲ್ಲಿ ಒಂದು ಚುಕ್ಕಿ ನಡುಗುತ್ತದೆ. ಸೈಲೆನ್ಸರ್ ಬೆಂಡಿನಲ್ಲಿ ಕೂತ ಲ್ಯಾಂಬ್ಡಾ ಸೆನ್ಸರ್ ಹೊಗೆಯನ್ನು ಓದಿ ಒಂದು ಭಾಗ ಪೆಟ್ರೋಲಿಗೆ ಎಷ್ಟು ಭಾಗ ಗಾಳಿ ಎಂದು ಹೇಳುತ್ತಿದೆ.

"ಭಾಯ್, ಮೂರು ಸಾವಿರದಲ್ಲಿ ಹಿಡ್ಕೊಳ್ಳಿ. ಅಲ್ಲೇ. ಬಿಡಬೇಡಿ." 15.2 ಇದೆ. ಹುಡುಗಿ ಚೌಕದ ಸಂಖ್ಯೆ ಏರಿಸಿದಂತೆ ಪೆಟ್ರೋಲ್ ಹೆಚ್ಚಿ ಗಾಳಿಯ ಪಾಲು ಇಳಿಯುತ್ತದೆ, 14.1, 13.4. ಇಂಜಿನ್ ದನಿ ದುಂಡಗಾಗುವುದು ನಿಮಗೂ ಕೇಳುತ್ತದೆ. ಆ ಚೌಕ ಮುಗಿಯಿತು, ಮುಂದಿನದಕ್ಕೆ. ನಿಮಿಷಕ್ಕೆ 5000 ಸುತ್ತಿನಲ್ಲಿ ಒಂದು ಪೂರ್ತಿ ಆವರ್ತಕ್ಕೆ ಸಿಗುವುದು 24 ಮಿಲಿಸೆಕೆಂಡು. ಇಂಜೆಕ್ಟರು ಅಷ್ಟರಲ್ಲೇ ತೆರೆದು, ಅಳೆದು, ಮುಚ್ಚಬೇಕು. ಬೇಸರ ಬರಿಸುವ ಕೆಲಸ, ಮಧ್ಯಾಹ್ನ ಕಳೆದು ಸಂಜೆಯಾಗುತ್ತದೆ. ನಿಜವಾದ ಕುಶಲತೆ ಇರುವುದು ಈ ಬೇಸರದಲ್ಲೇ ಎಂದು ನಾನು ನಂಬಿದ್ದೇನೆ.

ಕಾರ್ಬೊರೇಟರ್ ಇಟ್ಟುಕೊಂಡೇ ಬ್ಲೋವರ್ ಹಾಕಬಾರದೇ? ಹಾಕಿದ್ದರು. 1939ರಲ್ಲಿ ಐಲ್ ಆಫ್ ಮ್ಯಾನ್‌ನ ಸೀನಿಯರ್ ಟಿಟಿ ರೇಸ್ ಗೆದ್ದ ಜರ್ಮನಿಯ ಗೆಯೊರ್ಗ್ ಮೈಯರ್ ಓಡಿಸಿದ್ದು 500 ಸಿಸಿಯ ಸೂಪರ್‌ಚಾರ್ಜ್ಡ್ ಬಿಎಂಡಬ್ಲ್ಯು; ಅದರ ಬ್ಲೋವರ್ ಕಾರ್ಬೊರೇಟರ್ ಮೂಲಕವೇ ಗಾಳಿ ಎಳೆಯುತ್ತಿತ್ತು. ಆ ಇಂಜಿನ್‌ಗೆ ಎರಡು ಸಿಲಿಂಡರು. ಒಂದೇ ಸಿಲಿಂಡರಿನದಕ್ಕೆ ತೊಡಕು ಹೆಚ್ಚು. ಬ್ಲೋವರ್ ಬಿಡುವಿಲ್ಲದೆ ಊದುತ್ತದೆ, ಇಂಜಿನ್ ಬಿಟ್ಟುಬಿಟ್ಟು ಎಳೆಯುತ್ತದೆ. ನಡುವೆ ಗಾಳಿ ಕೂಡಿಡಲು ಇಂಜಿನ್‌ನ ಹಲವು ಪಟ್ಟು ಗಾತ್ರದ ಡಬ್ಬ ಬೇಕು. ಕಾರ್ಬೊರೇಟರ್ ಇದ್ದರೆ ಆ ಡಬ್ಬದ ತುಂಬ ಪೆಟ್ರೋಲ್ ಬೆರೆತ ಗಾಳಿ. ಇಂಜಿನ್ ಒಮ್ಮೆ ಬ್ಯಾಕ್‌ಫೈರ್ ಹೊಡೆದರೆ ತೊಡೆಗಳ ನಡುವೆ ಬಾಂಬು. ಇಂಜೆಕ್ಟರು ವಾಲ್ವಿನ ಬುಡದಲ್ಲಿದ್ದರೆ ಡಬ್ಬದಲ್ಲಿ ಇರುವುದು ಬರೀ ಗಾಳಿ. ಇಂಜೆಕ್ಷನ್ ಮೊದಲು ಎನ್ನಲು ನನಗೆ ಈ ಒಂದು ಕಾರಣವೇ ಸಾಕು.

ಮೈಸೂರಿನ ಹಳೆಯ ಯೆಜ್ಡಿ ಇರುವವರು ಬ್ಲೋವರ್ ನಮಗೂ ಆಗುತ್ತದೆಯೇ ಎಂದು ಕೇಳುವುದುಂಟು. ಆಗದು. ಆ ಟು ಸ್ಟ್ರೋಕಿನಲ್ಲಿ ಒಳಬರುವ ದಾರಿ ಮುಚ್ಚಿದ ಮೇಲೂ ಹೊಗೆ ಹೋಗುವ ದಾರಿ ತೆರೆದೇ ಇರುತ್ತದೆ, ಊದಿದ್ದೆಲ್ಲ ಸೈಲೆನ್ಸರಿಗೆ.

ಕೆಲವು ವಾರ ಬಿಟ್ಟು ಅದೇ ಷೆಡ್ಡಿಗೆ ಬನ್ನಿ. ಈಗ ಬ್ಲೋವರ್ ಗೇರ್‌ಬಾಕ್ಸಿನ ಮೇಲೆ, ಸೀಟಿನ ಕೆಳಗೆ ಕೂತಿದೆ. ಪ್ರೈಮರಿ ಕವರ್ ಕೊರೆದು ಕ್ರ್ಯಾಂಕಿನ ತುದಿಯನ್ನು ಹೊರಗೆ ತಂದು, ಹಲ್ಲಿನ ಬೆಲ್ಟ್ ಹಾಕಿದ್ದಾರೆ. ಥ್ರಾಟಲ್ ಬಾಡಿ ಬ್ಲೋವರಿನ ಬಾಯಿಗೆ ಹೋಗಿದೆ, ಇಂಜೆಕ್ಟರು ಇದ್ದಲ್ಲೇ ಇದೆ. ಭಾಯ್ ಕಿವಿಗೆ ಹಾಕಿಕೊಂಡಿರುವುದು ಕಾರ್ಖಾನೆಯ ಇಯರ್‌ಮಫ್; ಅದರಿಂದ ಹೊರಟ ರಬ್ಬರ್ ಕೊಳವೆ ಒಂದು ತಾಮ್ರದ ಪೈಪಿಗೆ, ಆ ಪೈಪಿನ ಚಪ್ಪಟೆ ತುದಿ ಸಿಲಿಂಡರಿನ ಬೋಲ್ಟಿಗೆ. ಒಳಗಿನ ಸದ್ದು ನೇರ ಕಿವಿಗೆ.

ಥ್ರಾಟಲ್ ಏರುತ್ತದೆ. ಡಬ್ ಡಬ್‌ನ ಮೇಲೆ ಒಂದು ಹೊಸ ಸಿಳ್ಳೆ ಎದ್ದು, ವೇಗದ ಜೊತೆ ಮೇಲೇರುತ್ತದೆ. ಬೂಸ್ಟ್ ತೋರಿಸುವ ಮುಳ್ಳು ಸೊನ್ನೆ ದಾಟಿ 0.2, 0.3. ರೋಲರ್ ಕಿರುಚುತ್ತದೆ, ಪಟ್ಟಿಗಳು ಬಿಗಿಯುತ್ತವೆ, ನೆಲ ನಿಮ್ಮ ಚಪ್ಪಲಿಯಡಿ ನಡುಗುತ್ತದೆ. ಲ್ಯಾಂಬ್ಡಾ 12ರಲ್ಲಿ ನಿಂತಿದೆ, ಸರಿಯಾಗಿದೆ. ಬ್ಲೋವರ್ ಮತ್ತು ಇಂಜಿನ್ ನಡುವೆ ಗಾಳಿ ಕೂಡಿಡುವ ಡಬ್ಬದೊಳಗೆ 85 ಡಿಗ್ರಿ. ಹೊರಗಿನ 30 ಡಿಗ್ರಿಯ ಗಾಳಿಯನ್ನು ಇಷ್ಟು ಒತ್ತಿದರೆ ಅಷ್ಟು ಬಿಸಿಯಾಗುವುದು ಸಹಜ.

ಭಾಯ್ ತಟ್ಟನೆ ಕೈ ಎತ್ತುತ್ತಾರೆ. ಥ್ರಾಟಲ್ ಮುಚ್ಚಿತು.

"ಬಡೀತಿದೆ ಅಮ್ಮಾ. ನಾಕು ಸಾವಿರದ ಹತ್ರ. ಎರಡು ಸಲ ಟಿಕ್ ಟಿಕ್ ಅಂತು."

ನಮಗೆ ಯಾರಿಗೂ ಕೇಳಿಸಿರಲಿಲ್ಲ. ಕಿಡಿ ಹತ್ತಿಸಿದ ಬೆಂಕಿ ಹರಡಿ ಮುಗಿಯುವ ಮೊದಲೇ ಮೂಲೆಯಲ್ಲಿ ಉಳಿದ ಬಿಸಿ ಮಿಶ್ರಣ ತಾನೇ ಸಿಡಿಯುವ ಸದ್ದು ಅದು. ಹೀಗೇ ಬಿಟ್ಟರೆ ಪಿಸ್ಟನ್ ತಲೆ ತೂತಾಗುತ್ತದೆ. ಹುಡುಗಿ ಆ ಭಾಗದ ಚೌಕಗಳಲ್ಲಿ ಕಿಡಿಯ ಟೈಮಿಂಗನ್ನು 4 ಡಿಗ್ರಿ ಹಿಂದೆ ತರುತ್ತಾಳೆ. ಪಾಯಿಂಟ್ ಇದ್ದಿದ್ದರೆ ಇದು ಸಾಧ್ಯವಿರಲಿಲ್ಲ. ಒಂದು ಕಡೆ ಹಿಂದೆ ತಂದರೆ ಎಲ್ಲ ಕಡೆಯೂ ಹಿಂದೆ. ಮತ್ತೆ ಓಡಿಸಿದರು. ಭಾಯ್ ಕಣ್ಣು ಮುಚ್ಚಿ ಕೇಳುತ್ತಾರೆ. ಈ ಸಲ ಕೈ ಎತ್ತಲಿಲ್ಲ.

ಇಂಥ ಬೈಕು ರಸ್ತೆಗೆ ಇಳಿಯುವಂತಿಲ್ಲ. ನೋಂದಣಿ ಪತ್ರದಲ್ಲಿರುವ ಕಂಪನಿಯ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಇದನ್ನು ಲಾರಿಗೆ ಹೇರಿ ಕೊಯಮತ್ತೂರಿನ ಕರಿ ಟ್ರ್ಯಾಕಿಗೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೋ ಒಯ್ಯಬೇಕು. ನಿಮ್ಮ ಹಳೆಯ ಬುಲೆಟ್ಟಿಗೂ ಟ್ರ್ಯಾಕಿಗಾಗಿ ಹೀಗೆ ಮಾಡಿಸುವ ಆಸೆಯಿದ್ದರೆ ಬ್ಲೋವರಿಗೆ ದುಡ್ಡು ಕೊಡುವ ಮುಂಚೆ ತಳದ ಬೇರಿಂಗು, ಆಯಿಲ್ ಪಂಪು ಸರಿ ಮಾಡಿಸಿ. ಇಂಜೆಕ್ಷನ್ ಹಾಕಿಸಿ, ಒಂದೊಂದು ಚೌಕವನ್ನೂ ತಾಳ್ಮೆಯಿಂದ ತುಂಬಿಸಿ, ಅದೇ ಸ್ಥಿತಿಯಲ್ಲಿ ಕೆಲವು ತಿಂಗಳು ಟ್ರ್ಯಾಕಿನಲ್ಲಿ ಓಡಿಸಿ. ಇಂಜಿನ್ ಅಷ್ಟು ದಿನ ಚೆನ್ನಾಗಿ ನಡೆದರೆ ಮಾತ್ರ ಬೆಲ್ಟ್ ಹಾಕಿಸಿ.