ಹತ್ತು ವರ್ಷ ಮೀರಿದ ಮನೆಗಾಡಿ

ಅಮೆರಿಕದ ಅರಿಜೋನಾ ಸಂಸ್ಥಾನದ ಪಶ್ಚಿಮದಂಚಿನಲ್ಲಿ, ಕ್ಯಾಲಿಫೋರ್ನಿಯದ ಗಡಿಯಾದ ಕೊಲರಾಡೊ ನದಿಗೆ ಸುಮಾರು ಇಪ್ಪತ್ತು ಮೈಲಿ ಪೂರ್ವಕ್ಕೆ ಕ್ವಾರ್ಟ್‌ಸೈಟ್ ಎಂಬ ಪುಟ್ಟ ಊರಿದೆ. 2020ರ ಜನಗಣತಿಯಂತೆ ಇಲ್ಲಿಯ ನಿವಾಸಿಗಳು ಎರಡೂವರೆ ಸಾವಿರಕ್ಕೂ ಕಡಿಮೆ. ಆದರೆ ಚಳಿಗಾಲ ಬಂದಿತೆಂದರೆ ಊರಿನ ಸುತ್ತಣ ಮರುಭೂಮಿಯಲ್ಲಿ ಕಣ್ಣು ಹಾಯುವಷ್ಟು ದೂರ ಗಾಲಿಯ ಮೇಲಿನ ಮನೆಗಳೇ ಕಾಣುತ್ತವೆ. ಉತ್ತರದ ಹಿಮಕ್ಕೆ ಬೆದರಿ ಬರುವ ಈ ಜನರಲ್ಲಿ ವೃದ್ಧರೇ ಹೆಚ್ಚು. ಅವರನ್ನು ಅಲ್ಲಿಯವರು ‘ಹಿಮಪಕ್ಷಿಗಳು’ ಎಂದು ಕರೆಯುತ್ತಾರೆ.

ಈ ಮನೆಗಾಡಿಗೆ ಅಲ್ಲಿ ‘ಆರ್.ವಿ.’ ಎಂದು ಹೆಸರು. ತಾನೇ ಓಡುವುದೊಂದು ಬಗೆ. ಮೋಟಾರಿನ ಹಿಂದೆ ಕಟ್ಟಿ ಎಳೆಯುವ ಟ್ರೇಲರ್ ಮತ್ತೊಂದು. ಒಲೆ, ಹಾಸಿಗೆ, ಶೌಚಾಲಯ, ನೀರಿನ ತೊಟ್ಟಿ ಎಲ್ಲವೂ ಒಳಗೇ. ದಾರಿಯುದ್ದಕ್ಕೂ ಇರುವ ಖಾಸಗಿ ತಂಗುದಾಣಗಳಲ್ಲಿ ಬಾಡಿಗೆ ತೆತ್ತರೆ ವಿದ್ಯುತ್ತು, ನೀರು ಹಾಗೂ ಒಳಚರಂಡಿಯ ಸಂಪರ್ಕ ದೊರೆಯುತ್ತದೆ.

ಹಣವಿದ್ದ ಮಾತ್ರಕ್ಕೆ ಎಲ್ಲೆಡೆ ಪ್ರವೇಶ ದೊರೆಯುವುದೆಂದು ತಿಳಿಯಬಾರದು. “ನಿಮ್ಮ ಗಾಡಿ ಯಾವ ವರ್ಷದ್ದು?” ಎಂಬುದು ಅನೇಕ ತಂಗುದಾಣಗಳ ಮೊದಲ ಪ್ರಶ್ನೆ. ಹತ್ತು ವರ್ಷ ಮೀರಿದ್ದರೆ ಸ್ಥಳವಿಲ್ಲ, ಇಲ್ಲವೆ ಮುಂಚಿತವಾಗಿ ಛಾಯಾಚಿತ್ರ ಕಳುಹಿಸಿ ಒಪ್ಪಿಗೆ ಪಡೆಯಬೇಕು. ಇದಕ್ಕೆ ‘ಹತ್ತು ವರ್ಷದ ನಿಯಮ’ವೆಂದು ಹೆಸರು. ಇದು ಸರಕಾರದ ಕಾನೂನಲ್ಲ. ಮಾಲಿಕರು ತಾವೇ ಮಾಡಿಕೊಂಡ ಕಟ್ಟಳೆ. ಕೆಲವರು ಹದಿನೈದು ವರ್ಷದವರೆಗೂ ಒಪ್ಪುವುದುಂಟು.

ಮಾಲಿಕರ ಪಕ್ಷದಲ್ಲಿಯೂ ನ್ಯಾಯವಿಲ್ಲದಿಲ್ಲ. ಹಳೆಯ ಗಾಡಿಯ ಕೊಳಾಯಿ ಸೋರಬಹುದು. ಸವೆದ ತಂತಿಯಿಂದಲೋ ಅನಿಲದ ನಳಿಗೆಯಿಂದಲೋ ಬೆಂಕಿ ಹೊತ್ತಿ ಪಕ್ಕದ ಗಾಡಿಗೂ ಹರಡಬಹುದು. ಕೆಟ್ಟು ನಿಂತುದನ್ನು ಒಡೆಯನು ಬಿಟ್ಟುಹೋದರೆ ಎಳೆಸುವ ವೆಚ್ಚ ಮಾಲಿಕನದು. ಬಹುಕಾಲ ತಂಗಿದವನಿಗೆ ಹಲವು ಸಂಸ್ಥಾನಗಳಲ್ಲಿ ಬಾಡಿಗೆದಾರನ ಹಕ್ಕು ಪ್ರಾಪ್ತವಾಗುವುದರಿಂದ, ಅವನನ್ನು ತೆರವು ಮಾಡಿಸಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ.

ಆದರೆ ವರ್ಷವೊಂದೇ ಗಾಡಿಯ ಗುಣವನ್ನು ಹೇಳಲಾರದು. ಛಾವಣಿಯ ಬೆಸುಗೆಯಲ್ಲಿ ನೀರಿಳಿದು ಮರದ ಚೌಕಟ್ಟು ಕೊಳೆತರೆ ಐದು ವರ್ಷದ ಗಾಡಿಯೂ ಹಾಳೇ. ವಾಲಿ ಬೈಯಮ್ 1931ರಲ್ಲಿ ಆರಂಭಿಸಿದ ‘ಏರ್‌ಸ್ಟ್ರೀಮ್’ ಸಂಸ್ಥೆಯ ಅಲ್ಯುಮಿನಿಯಮ್ ಮೈಯ ಟ್ರೇಲರುಗಳು ಅರ್ಧ ಶತಮಾನ ಸಂದರೂ ಥಳಥಳಿಸುತ್ತ ರಸ್ತೆಯಲ್ಲಿವೆ. ಅಂಥವು ಬಾಗಿಲಿಗೆ ಬಂದಾಗ ಅನೇಕ ಮಾಲಿಕರು ಕಟ್ಟಳೆಯನ್ನು ಸಡಿಲಿಸುತ್ತಾರೆ. ಅಂದಮೇಲೆ ಇಲ್ಲಿ ತೂಗುವುದು ವಯಸ್ಸನ್ನಲ್ಲ, ಅಂದವನ್ನು. ಕೆಲವೊಮ್ಮೆ ಒಡೆಯನ ಅಂತಸ್ತನ್ನು.

ಇದು ವಿಹಾರಕ್ಕೆ ಹೊರಟವರ ಮಾತಾದರೆ ಇನ್ನೊಂದು ತಾಣ ಹುಡುಕಿದರಾಯಿತು. 2008ರ ಆರ್ಥಿಕ ಕುಸಿತದಲ್ಲಿ ಮನೆ ಕಳೆದುಕೊಂಡು ಹಳೆಯ ಗಾಡಿಯನ್ನೇ ಮನೆ ಮಾಡಿಕೊಂಡ ವೃದ್ಧರ ಪಾಡು ಬೇರೆ. ಜೆಸ್ಸಿಕಾ ಬ್ರೂಡರ್ 2017ರಲ್ಲಿ ಪ್ರಕಟಿಸಿದ ‘ನೊಮ್ಯಾಡ್‌ಲ್ಯಾಂಡ್’ ಗ್ರಂಥ ಇಂಥವರನ್ನು ಕುರಿತದ್ದು. ಅದನ್ನಾಧರಿಸಿದ ಚಲನಚಿತ್ರ 2021ರಲ್ಲಿ ಆಸ್ಕರ್ ಪ್ರಶಸ್ತಿ ಪಡೆಯಿತು. ಇವರಿಗೆ ಹೊಸ ಗಾಡಿ ಕೊಳ್ಳುವ ಶಕ್ತಿಯಿಲ್ಲ, ಹಳೆಯದಕ್ಕೆ ಪ್ರವೇಶವಿಲ್ಲ.

ಅವರನ್ನು ಕ್ವಾರ್ಟ್‌ಸೈಟಿನ ಬಯಲು ಬರಮಾಡಿಕೊಳ್ಳುತ್ತದೆ. ಅದು ಒಕ್ಕೂಟ ಸರಕಾರದ ಭೂ ನಿರ್ವಹಣಾ ಇಲಾಖೆಯ ನೆಲ. 1983ರಿಂದ ಈ ಇಲಾಖೆ ದೀರ್ಘವಾಸದ ಪ್ರದೇಶಗಳನ್ನು ಗೊತ್ತುಪಡಿಸಿದೆ. ಪರವಾನಗಿಯ ಶುಲ್ಕ ತೆತ್ತವರು ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ನೆಲಸಬಹುದು. ಇಲ್ಲಿಯೂ ಕಟ್ಟಳೆಗಳಿವೆ; ಕೊಳೆನೀರನ್ನು ಕಂಡಲ್ಲಿ ಚೆಲ್ಲುವಂತಿಲ್ಲ. ಆದರೆ ಗಾಡಿಯ ಜನ್ಮವರ್ಷವನ್ನು ಕೇಳುವವರಿಲ್ಲ. ರಾಷ್ಟ್ರೀಯ ಉದ್ಯಾನಗಳ ಬಿಡಾರಗಳಲ್ಲಿಯೂ ಹಲವೆಡೆ ಉದ್ದಕ್ಕೆ ಮಿತಿಯುಂಟೇ ಹೊರತು ವಯಸ್ಸಿಗಿಲ್ಲ.

ಊರಿನ ಶ್ಮಶಾನದಲ್ಲಿ ಪಿರಮಿಡ್ಡಿನಾಕಾರದ ಸಮಾಧಿಯೊಂದಿದೆ; ಅದರ ತುದಿಯಲ್ಲೊಂದು ಲೋಹದ ಒಂಟೆ. ಹತ್ತೊಂಬತ್ತನೆಯ ಶತಮಾನದ ನಡುವೆ ಅಮೆರಿಕದ ಸೈನ್ಯ ತರಿಸಿದ ಒಂಟೆಗಳೊಡನೆ ಬಂದ ಹಾಜಿ ಅಲಿ ಎಂಬಾತ 1902ರಲ್ಲಿ ಇಲ್ಲಿ ತೀರಿಕೊಂಡನು. ಸೈನ್ಯಕ್ಕೆ ಒಂಟೆ ಬೇಡವಾದ ಮೇಲೂ ಮರುಭೂಮಿ ಅವನನ್ನು ಇರಗೊಟ್ಟಿತು.

ತಂಗುದಾಣದವರು ಸುರಕ್ಷತೆಯನ್ನು ಬಯಸುವುದು ತಪ್ಪಲ್ಲ. ಆದರೆ ಅನಿಲದ ನಳಿಗೆಯನ್ನೂ ತಂತಿಯನ್ನೂ ಪರೀಕ್ಷಿಸಿ ಒಳಬಿಡುವುದು ನ್ಯಾಯ; ಕಾಗದದ ಮೇಲಿನ ವರ್ಷವೊಂದನ್ನೇ ನೋಡಿ ಮುದುಕರನ್ನು ಇರುಳಲ್ಲಿ ಹಿಂದಕ್ಕಟ್ಟುವುದು ನ್ಯಾಯವೆನಿಸದು.