ಅಪ್ಪ ಕೇಳಿದ ಪ್ರಶ್ನೆಗಳು

ನೋಟುಪುಸ್ತಕದಲ್ಲಿ ಹನ್ನೆರಡು ಪ್ರಶ್ನೆಗಳಿದ್ದವು. ‘ನಿಮಗೆ ಸ್ಫೂರ್ತಿ ಯಾರು?’ ಎಂಬುದು ಮೊದಲನೆಯದು. ‘ಇಂದಿನ ಯುವಪೀಳಿಗೆಗೆ ನಿಮ್ಮ ಸಂದೇಶವೇನು?’ ಎಂಬುದು ಕೊನೆಯದು. ನಡುವಿನ ಹತ್ತೂ ಇವೆರಡರ ಅಕ್ಕತಂಗಿಯರೇ. ಧಾರವಾಡದ ಕಾಲೇಜೊಂದರಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದ ಹುಡುಗಿಗೆ ಕನ್ನಡದ ಮೇಡಂ ವಹಿಸಿದ ಕೆಲಸ ಅದು. ಚಿತ್ರವೋ, ಬಟ್ಟೆಯೋ, ಪುಸ್ತಕವೋ, ಇಂಥದ್ದನ್ನೇ ಬದುಕು ಮಾಡಿಕೊಂಡ ಮೂವರನ್ನು ಮಾತನಾಡಿಸಿ ವಾರ್ಷಿಕ ಸಂಚಿಕೆಗೆ ಬರೆದುಕೊಡಬೇಕು. 2023ರ ನವೆಂಬರ್ ತಿಂಗಳ ಮಾತು.

ಆ ಹೊತ್ತಿಗೆ ಮನೆಯಲ್ಲಿ ಅಪ್ಪ–ಮಗಳ ನಡುವೆ ಮಾತು ನಿಂತು ಹದಿನೈದು ದಿನವಾಗಿತ್ತು ಎಂಬುದು ಮೇಡಂಗೆ ಗೊತ್ತಿರಲಿಲ್ಲ. ಮಗಳಿಗೆ ಡಿಸೈನ್ ಓದಬೇಕು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕುವ ಕೊನೆಯ ದಿನ ಹತ್ತಿರ ಬಂದಿತ್ತು. ಅಪ್ಪನದು ಸರ್ಕಾರಿ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಇಪ್ಪತ್ತಾರು ವರ್ಷದ ನೌಕರಿ. ‘2016ರಾಗ ಧಾರವಾಡಕ್ಕ ಐಐಟಿ ಬಂತು. ಮನಿ ಬಾಗಲಕ್ಕ ಬಂದದ್ದನ್ನ ಬಿಟ್ಟು ಈಕಿ ಚಿತ್ರಾ ತಗ್ಯಾಕ ಗುಜರಾತಿಗೆ ಹೊಂಟಾಳ’ ಎಂದು ಮನೆಗೆ ಬಂದವರೆಲ್ಲರ ಎದುರು ಹೇಳಿದ್ದರು. ಐಐಟಿ ಊರಿನಲ್ಲಿದ್ದ ಮಾತ್ರಕ್ಕೆ ಊರಿನ ಮಕ್ಕಳಿಗೆ ಸೀಟು ಸಿಗುವುದಿಲ್ಲ ಎಂದು ಮಗಳು ತಿರುಗಿ ನುಡಿದಿದ್ದಳು. ಅಲ್ಲಿಗೆ ಮಾತು ನಿಂತಿತ್ತು.

ಆದರೂ ಮಗಳು ಪರಿಚಯವಿಲ್ಲದವರ ಮನೆಗಳಿಗೆ ಒಬ್ಬಳೇ ಹೋಗುವುದು ಬೇಡವೆಂದು ಅಪ್ಪ ಸ್ಕೂಟರ್ ಹೊರತೆಗೆದರು. ತಾವು ಹೊರಗೆ ಕೂಡುವುದು, ಬಾಯಿ ಹಾಕುವುದಿಲ್ಲ. ಈ ಕರಾರು ಅಮ್ಮನ ಮಧ್ಯಸ್ಥಿಕೆಯಲ್ಲಿ ಆಯಿತು.

ಮೊದಲು ಹೋದದ್ದು ಸಪ್ತಾಪುರದಲ್ಲಿದ್ದ ನಿವೃತ್ತ ಡ್ರಾಯಿಂಗ್ ಮಾಸ್ತರರ ಮನೆಗೆ. ಪಡಸಾಲೆಯ ಗೋಡೆಗೆ ಒರಗಿಸಿಟ್ಟ ಕ್ಯಾನ್ವಾಸುಗಳ ನಡುವೆ ಕುರ್ಚಿಗೆ ಜಾಗ ಮಾಡಿಕೊಟ್ಟರು. ಸ್ಫೂರ್ತಿ ಯಾರೆಂದು ಹುಡುಗಿ ಕೇಳಿದಳು. ‘ನಿಸರ್ಗ’ ಎಂದರು. ನಂತರ? ‘ಗುರುಗಳು.’ ನಿಮ್ಮ ಕಲೆಯ ಉದ್ದೇಶ? ‘ಆತ್ಮತೃಪ್ತಿ.’ ಐದು ನಿಮಿಷದಲ್ಲಿ ಏಳು ಪ್ರಶ್ನೆ ಮುಗಿದುಹೋದವು. ಮಕ್ಕಳು ಇಂಥ ಪ್ರಶ್ನೆ ಹಿಡಿದುಕೊಂಡು ಬರುವುದು ಮಾಸ್ತರರಿಗೆ ಹೊಸದೇನಲ್ಲ. ಅವುಗಳ ಉತ್ತರವೂ ಅವರಲ್ಲಿ ಸಿದ್ಧವಾಗಿಯೇ ಇತ್ತು.

ಹುಡುಗಿಯ ಮುಖ ಸಪ್ಪಗಾದದ್ದನ್ನು ನೋಡಿ ಒಂದು ಕತೆ ಹೇಳಿದರು. ಮೈಸೂರಿನ ಆರ್.ಕೆ. ಲಕ್ಷ್ಮಣ್ ಮುಂಬೈಯ ಜೆ.ಜೆ. ಕಲಾ ಶಾಲೆಗೆ ಅರ್ಜಿ ಹಾಕಿದ್ದು, ನಿನ್ನ ಚಿತ್ರಗಳಲ್ಲಿ ಇಲ್ಲಿಗೆ ಸೇರಿಸಿಕೊಳ್ಳುವಷ್ಟು ಪ್ರತಿಭೆ ಕಾಣುವುದಿಲ್ಲ ಎಂಬರ್ಥದ ಕಾಗದ ಬಂದದ್ದು. ಮೈಸೂರಿನಲ್ಲೇ ಬಿ.ಎ. ಓದಿಕೊಂಡು ‘ಕೊರವಂಜಿ’ಗೆ ವ್ಯಂಗ್ಯಚಿತ್ರ ಬರೆದ ಆ ಹುಡುಗ ಮುಂದೆ ಅದೇ ಮುಂಬೈಯಲ್ಲಿ ದೇಶಕ್ಕೆಲ್ಲ ಬೇಕಾದ ವ್ಯಂಗ್ಯಚಿತ್ರಕಾರನಾದದ್ದು, 1984ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದದ್ದು. ಹುಡುಗಿ ಭರಭರ ಬರೆದುಕೊಂಡಳು. ಅವಳಿಗೆ ಬೇಕಾದದ್ದೂ ಇಂಥದ್ದೇ.

ಬಾಗಿಲ ಬಳಿ ಕೆಮ್ಮು ಕೇಳಿಸಿತು. ‘ತಪ್ಪು ತಿಳೀಬ್ಯಾಡ್ರಿ ಸರ. ಲಕ್ಷ್ಮಣ್ ಒಬ್ಬರ ಕತಿ ಆತು. ಆ ಸಾಲಿಯವರು ಬ್ಯಾಡಂದ ಉಳದ ಹುಡುಗರು ಏನಾದ್ರು?’

ಹುಡುಗಿ ತಲೆ ತಗ್ಗಿಸಿದಳು. ಮಾಸ್ತರರು ಒಂದು ಗಳಿಗೆ ಬಾಗಿಲನ್ನೇ ನೋಡಿದರು. ಆಮೇಲೆ ನಕ್ಕುಬಿಟ್ಟರು. ‘ಉಳದವರು ನನ್ನಂಗ ಆದ್ರು. ಒಳಗ ಬರ್ರಿ, ಕೂಡ್ರಿ.’

ಆ ಒಂದು ಪ್ರಶ್ನೆಯ ಮೇಲೆ ಎರಡು ತಾಸು ಮಾತು ನಡೆಯಿತು. ಲೋಯರ್, ಹೈಯರ್ ಗ್ರೇಡ್ ಪರೀಕ್ಷೆ ಪಾಸು ಮಾಡಿ, ಕಲಾ ಶಾಲೆಯಲ್ಲಿ ಕಲಿತು, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರಿಕೆ ಹಿಡಿದದ್ದು. ಪರೀಕ್ಷೆ ಬಂತೆಂದರೆ ಡ್ರಾಯಿಂಗ್ ಪಿರಿಯಡ್ಡನ್ನು ಗಣಿತದವರು ಕೇಳಿಕೊಂಡು ಹೋಗುತ್ತಿದ್ದದ್ದು. ಸಂಜೆ ಅಂಗಡಿ ಬೋರ್ಡುಗಳನ್ನು ಬರೆಯುತ್ತಿದ್ದದ್ದು. ಸುಣ್ಣ ಹಚ್ಚಿದ ದಾರವನ್ನು ತಗಡಿನ ಮೇಲೆ ಎಳೆದು ಬಿಟ್ಟು ಗೆರೆ ಮೂಡಿಸಿ, ‘ಕಿರಾಣಿ’ ಎಂಬ ಮೂರಕ್ಷರ ಬೋರ್ಡಿನ ತುಂಬ ಕೂಡುವಂತೆ ಮಾಡುವುದು ಹೇಗೆಂದು ಗಾಳಿಯಲ್ಲೇ ಬೆರಳಾಡಿಸಿ ತೋರಿಸಿದರು. ಎರಡು ಸಾವಿರದ ಈಚೆಗೆ ಫ್ಲೆಕ್ಸ್ ಬಂತು. ಎರಡೇ ವರ್ಷದಲ್ಲಿ ಆ ಸಂಪಾದನೆ ನಿಂತಿತು.

‘ಪೇಂಟಿಂಗ್ ಎಷ್ಟು ಮಾರಿದ್ರಿ?’ ಎಂದು ಅಪ್ಪ ಕೇಳಿದರು.

‘ನಲವತ್ತು ವರ್ಷದಾಗ ಹನ್ನೊಂದು.’

‘ಮನ್ಯಾಗ ಏನನ್ನಲಿಲ್ಲೇನ್ರಿ?’

ಉತ್ತರ ಅಡುಗೆಮನೆಯಿಂದ ಬಂತು. ‘ಅದನ್ನ ನನ್ನ ಕೇಳ್ರಿ. ಪಗಾರ ಬರ್ತಿತ್ತು ಅಂತ ಬಣ್ಣಕ್ಕ ರೊಕ್ಕ ಇತ್ತು. ಬಣ್ಣ ಇತ್ತು ಅಂತ ಮನುಷ್ಯ ನೆಟ್ಟಗಿದ್ರು. ನೌಕರಿ ಅಷ್ಟ ಇದ್ದಿದ್ರ ಇವರನ್ನ ತಾಳಾಕ ಆಗ್ತಿದ್ದಿಲ್ಲ.’ ಚಹಾದ ಕಪ್ಪು ಇಡುತ್ತ ಆಕೆ ಹೇಳಿದ ಈ ಮಾತನ್ನು ಹುಡುಗಿ ಬರೆದುಕೊಳ್ಳಲಿಲ್ಲ. ಅಪ್ಪ ಮಾತ್ರ ಕಪ್ಪು ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತರು.

ಮುಂದಿನ ಭಾನುವಾರ ಹುಬ್ಬಳ್ಳಿ. ಬೆಂಗಳೂರಿನಲ್ಲಿ 1997ರಲ್ಲಿ ಶುರುವಾದ ಫ್ಯಾಶನ್ ತಂತ್ರಜ್ಞಾನ ಸಂಸ್ಥೆಯಲ್ಲಿ ಓದಿದ ಹೆಣ್ಣುಮಗಳು ಊರಿಗೆ ಮರಳಿ, ವಿದ್ಯಾನಗರದ ಬಾಡಿಗೆ ಮನೆಯಲ್ಲಿ ಕಸೂತಿಯ ಕುರ್ತಾ, ದುಪಟ್ಟಾ ಮಾಡಿಸುತ್ತಿದ್ದಳು. ವಯಸ್ಸು ಮೂವತ್ತೆರಡರ ಆಸುಪಾಸು. ಫ್ಯಾಶನ್ ಅಂದರೆ ದೀಪದ ಬೆಳಕಿನಲ್ಲಿ ರೂಪದರ್ಶಿಯರು ನಡೆದು ಬರುವುದೆಂದು ತಿಳಿದಿದ್ದ ಅಪ್ಪನಿಗೆ ಅಲ್ಲಿ ಕಂಡದ್ದು ಚಾಪೆಯ ಮೇಲೆ ಕೂತು ಎಳೆ ಎಣಿಸುತ್ತಿದ್ದ ನಾಲ್ಕು ಜನ ಹೆಂಗಸರು.

ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಹಾಸು–ಹೊಕ್ಕಿನ ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲೇ ಗೋಪುರ, ತೇರು, ತುಳಸಿಕಟ್ಟೆ, ಆನೆ, ಗಿಳಿ ಎಲ್ಲವೂ ಮೂಡಬೇಕು. ಒಂದು ಎಳೆ ತಪ್ಪಿತೆಂದರೆ ಗೋಪುರದ ಕಳಸ ಕೂಡುವುದಿಲ್ಲ. ತಪ್ಪಿದ ಕಡೆಗೆ ಬಿಚ್ಚಿಕೊಂಡು ಹೋಗಬೇಕು. ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿಗಳಲ್ಲಿ ಬಟ್ಟೆ ತಿರುವಿದರೂ ಅದೇ ಚಿತ್ರ. ಆಕೆ ಒಂದು ದುಪಟ್ಟಾ ತಿರುವಿ ತೋರಿಸಿದಾಗ ಅಪ್ಪ ಕನ್ನಡಕ ಸರಿಮಾಡಿಕೊಂಡು ಹಿಂದೆ ಮುಂದೆ ನೋಡಿದರು. ಜಮಾ–ಖರ್ಚು ತಾಳೆಯಾದ ಪುಟವನ್ನು ನೋಡುವ ಕಣ್ಣು ಅದು.

‘ನಮ್ಮವ್ವನ ಚಂದ್ರಕಾಳಿ ಸೀರಿ ಮ್ಯಾಲೆ ಇಂಥದ್ದ ತೇರು ಇತ್ತು’ ಎಂದರು. ಮದುವೆಯ ಕರಿ ರೇಷ್ಮೆ ಸೀರೆ ಅದು. ಮಗಳಿಗೆ ಅದು ಗೊತ್ತಿರಲಿಲ್ಲ.

ವಿನ್ಯಾಸವೆಂದರೆ ಏನೆಂದು ಹುಡುಗಿ ಕೇಳಿದಾಗ ಆಕೆ ಮೂಲೆಯಲ್ಲಿದ್ದ ನೀರಿನ ತಂಬಿಗೆ ತೋರಿಸಿದಳು. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಒಂದು ವರದಿ ಬರೆದುಕೊಟ್ಟರು. ತಾವು ಇಲ್ಲಿ ಕಂಡು ಮೆಚ್ಚಿದ ವಸ್ತುಗಳಲ್ಲಿ ಈ ತಂಬಿಗೆಯೇ ಬಹಳ ಸುಂದರ ಎಂದು ಬರೆದರು. ಎಷ್ಟು ನೀರು ಹಿಡಿಯಬೇಕು, ಸೊಂಟದ ಮೇಲೋ ತಲೆಯ ಮೇಲೋ ಹೇಗೆ ಕೂಡಬೇಕು, ಸುರಿಯುವಾಗ ಧಾರೆ ಹೇಗೆ ಬರಬೇಕು, ಒಳಗೆ ಕೈ ಹೋಗಿ ತೊಳೆಯಲು ಬರಬೇಕಲ್ಲವೆ, ಬೆಲೆ ಎಷ್ಟಾಗಬೇಕು ಎಂಬುದನ್ನೆಲ್ಲ ಯಾರೋ ಒಬ್ಬ ಮನುಷ್ಯ ಕೂತು ಯೋಚಿಸಿದ್ದಲ್ಲ, ಎಷ್ಟೋ ತಲೆಮಾರು ಸೇರಿ ತಿದ್ದಿದ ರೂಪ ಅದು. ಆ ವರದಿಯ ಬೆನ್ನಿಗೇ 1961ರಲ್ಲಿ ಅಹಮದಾಬಾದಿನ ಸಂಸ್ಥೆ ಹುಟ್ಟಿತು. ಮಗಳು ಹೋಗಬೇಕೆಂದು ಹಟ ಹಿಡಿದ ಜಾಗ ತಂಬಿಗೆಯ ವರದಿಯಿಂದ ಹುಟ್ಟಿದ್ದು ಎಂಬುದು ಅಪ್ಪನಿಗೆ ಅಂದೇ ತಿಳಿದದ್ದು.

ಕರಾರು ಮರೆತು ಅವರು ಕೇಳಿಯೇಬಿಟ್ಟರು. ‘ಒಂದು ದುಪಟ್ಟಾಕ್ಕ ಎಷ್ಟು ದಿನ ಹಿಡೀತೈತ್ರಿ? ಇವರಿಗೆ ಎಷ್ಟು ಕೊಡ್ತೀರಿ?’

ಚಾಪೆಯ ಮೇಲಿನ ಸೂಜಿಗಳು ನಿಂತವು. ಆಕೆ ಎದ್ದು ಲೆಕ್ಕದ ರಜಿಸ್ಟರ್ ತಂದು ಅವರ ಮುಂದಿಟ್ಟಳು. ‘ಕಡಿಮಿನ ಕೊಡ್ತೀನ್ರಿ. ಇದಕ್ಕಿಂತ ಹೆಚ್ಚು ಕೊಟ್ರ ಮಾಲು ಹೋಗೂದಿಲ್ಲ. ಮಷಿನ್ನಿನಾಗ ಕಸೂತಿಯಂಥದ್ದನ್ನ ಹೊಲದು ಕಾಲುಭಾಗ ರೇಟಿಗೆ ಮಾರ್ತಾರ.’ ಅಪ್ಪ ಪುಟ ತಿರುವಿದರು. ಬಟ್ಟೆ, ದಾರ, ಕೂಲಿ, ಬಾಡಿಗೆ, ಸಾಗಣೆ, ಅಂಗಡಿಯವರ ಕಮಿಷನ್ ಎಲ್ಲಕ್ಕೂ ಕಾಲಂ ಇತ್ತು. ಬೆರಳಿಟ್ಟು ಕೂಡಿಸುತ್ತ ಹೋದವರು ಒಂದು ಕಡೆ ನಿಂತರು.

‘ಇದರಾಗ ನಿಮ್ಮ ಪಗಾರ ಎಲ್ಲೈತ್ರಿ, ತಂಗಿ?’

‘ಆ ಕಾಲಮ್ಮ ಹಾಕಿಲ್ರಿ.’

‘ಎಷ್ಟು ದಿನದಿಂದ?’

‘ಮೂರು ವರ್ಷ.’ ಆಕೆ ನಗಲು ನೋಡಿದಳು, ಬರಲಿಲ್ಲ. ‘ಹಾಕಿದ್ರ ಅಂಗಡಿ ಮುಚ್ಚಬೇಕಾಗ್ತೈತಿ ಅಂತ ಗೊತ್ತೈತ್ರಿ. ಅದಕ್ಕ ಹಾಕಿಲ್ಲ.’

ಇದಕ್ಕೆ ಅಪ್ಪ ಬುದ್ಧಿವಾದ ಹೇಳಲಿಲ್ಲ ಎಂಬುದು ಗಮನಿಸಬೇಕಾದದ್ದು. ಪೆನ್ಸಿಲ್ ಕೇಳಿ ಪಡೆದು, ಕೊನೆಯಲ್ಲಿ ಒಂದು ಗೆರೆ ಎಳೆದು, ತಲೆಬರಹದ ಜಾಗ ಖಾಲಿ ಬಿಟ್ಟು, ‘ಒಂದು ರೂಪಾಯಿ ಆದ್ರೂ ಬರೀರಿ. ಖೋಲಿ ಇದ್ರ ಮುಂದ ತುಂಬತೈತಿ’ ಎಂದರು. ದಾರಿಯಲ್ಲಿ ನವಲೂರು ದಾಟುವವರೆಗೆ ಮಾತಿಲ್ಲ. ಆಮೇಲೆ ಹಿಂದೆ ತಿರುಗದೆಯೇ, ‘ಆ ಹುಡುಗಿ ಶಾಣೇಕಿ’ ಎಂದರು. ಹದಿನೈದು ದಿನದ ಮೇಲೆ ಮಗಳ ಜತೆ ಅವರಾಡಿದ ಮೊದಲ ಮಾತು ಇದು.

ಮೂರನೆಯವನು ಪುಸ್ತಕಗಳ ಮುಖಪುಟ ಮಾಡುವ ಯುವಕ. ಸುಭಾಸ ರಸ್ತೆಯ ಹತ್ತಿರದ ಮಾಳಿಗೆಯ ಕೋಣೆ, ಎರಡು ಕಂಪ್ಯೂಟರ್. ಈ ಸಲ ಹೊರಗೆ ಕೂಡುವ ನಾಟಕವಿರಲಿಲ್ಲ. ಅಪ್ಪನೇ ಮೊದಲು ಕುರ್ಚಿ ಎಳೆದುಕೊಂಡರು. ಒಂದು ಮುಖಪುಟಕ್ಕೆ ಎಷ್ಟು ಸಿಗುತ್ತದೆಂದು ಕೇಳಿದ್ದಕ್ಕೆ, ‘ಕೆಲವರು ರೊಕ್ಕಾ ಕೊಡ್ತಾರ್ರಿ. ಕೆಲವರು ಹತ್ತು ಪುಸ್ತಕ ಕೊಡ್ತಾರ’ ಎಂದು ಅವನು ಕಪಾಟಿನ ಕಡೆ ಕೈ ಮಾಡಿದ. ಕಪಾಟು ತುಂಬಿತ್ತು. ಮನೆ ನಡೆಯುವುದು ಲಗ್ನಪತ್ರಿಕೆಗಳಿಂದ.

ಆದರೆ ಕೆಲಸದ ಸುದ್ದಿ ಬಂದಾಗ ಅವನ ದನಿಯೇ ಬದಲಾಯಿತು. ಡೆಮಿ 1/8 ಆಕಾರದಲ್ಲಿ ಹದಿನಾರು ಪುಟಕ್ಕೆ ಒಂದು ಫಾರಂ. ಹನ್ನೆರಡು ಫಾರಂ ಆದರೆ 192 ಪುಟ. 70 ಜಿಎಸ್‌ಎಂ ಮ್ಯಾಪ್ಲಿಥೋ ಕಾಗದವಾದರೆ ಪುಸ್ತಕದ ಬೆನ್ನು ಹೆಚ್ಚುಕಡಿಮೆ ಒಂಬತ್ತು–ಹತ್ತು ಮಿಲಿಮೀಟರ್. ಕೊನೆಯ ಗಳಿಗೆಯಲ್ಲಿ ಲೇಖಕರು ಎರಡು ಕತೆ ಸೇರಿಸಿದರೆ ಬೆನ್ನು ದಪ್ಪವಾಗಿ ಹೆಸರು ಮಗ್ಗುಲಿಗೆ ಜಾರುತ್ತದೆ. ಕನ್ನಡದ ದೊಡ್ಡ ಪೇಚು ಒತ್ತಕ್ಷರ. ‘ರಾಷ್ಟ್ರ’ ಎಂದು ಬರೆದರೆ ಷಕಾರದ ಕೆಳಗೆ ಎರಡು ಒತ್ತು ಇಳಿಯುತ್ತವೆ. ಮುಂದಿನ ಸಾಲಿನಲ್ಲಿ ಗುಡಿಸು, ದೀರ್ಘ ಇದ್ದರೆ ಮೇಲಿನವು ಕೆಳಗಿನವನ್ನು ತುಳಿಯುತ್ತವೆ. ಸಾಲುಗಳ ನಡುವೆ ಜಾಗ ಬಿಟ್ಟರೆ ಪುಟ ಸಡಿಲ, ಬಿಡದಿದ್ದರೆ ಇಕ್ಕಟ್ಟು. ಇಂಗ್ಲಿಷಿಗೆ ಮಾಡಿದ ಅಳತೆ ಇಲ್ಲಿ ನಡೆಯುವುದಿಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಟಾಗ ಅಕ್ಷರವನ್ನು ಕೈಯಿಂದಲೇ ಬರೆಯುತ್ತಿದ್ದರು, ಒತ್ತು ತಾನೇ ಜಾಗ ಹುಡುಕಿಕೊಳ್ಳುತ್ತಿತ್ತು ಎಂದ. ಹುಡುಗಿ ನೋಟುಪುಸ್ತಕ ಮುಚ್ಚಿಟ್ಟು ಪರದೆಯ ಮೇಲಿನ ‘ಲಕ್ಷ್ಮೀ’ಯನ್ನು ಹಿಡಿದು ಅತ್ತಿತ್ತ ಸರಿಸಲು ಶುರುಮಾಡಿದ್ದಳು.

ಇದೇ ರಸ್ತೆಯಲ್ಲಿ, 1933ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯ ಅಟ್ಟದ ಮೇಲೆ ಜಿ.ಬಿ. ಜೋಶಿ, ಕೀರ್ತಿನಾಥ ಕುರ್ತಕೋಟಿ ಮೊದಲಾದವರು ಕೂಡುತ್ತಿದ್ದ ಸಂಗತಿ ಅಪ್ಪನಿಗೂ ಗೊತ್ತಿತ್ತು. ಗೊತ್ತಿರದಿದ್ದುದನ್ನು ಯುವಕ ಹೇಳಿದ. ಗಿರೀಶ ಕಾರ್ನಾಡರು ಹುಡುಗರಾಗಿದ್ದಾಗ ದೊಡ್ಡವರ ಮುಖಚಿತ್ರ ಬರೆದು, ಅವರ ಸಹಿಗಾಗಿ ಅಂಚೆಯಲ್ಲಿ ಕಳಿಸುತ್ತಿದ್ದರು. ಐರಿಶ್ ನಾಟಕಕಾರ ಶಾನ್ ಓಕೇಸಿ ಸಹಿ ಹಾಕಲಿಲ್ಲ. ಹೀಗೆ ಹೊತ್ತು ಕಳೆಯುವ ಬದಲು ಜನ ನಿನ್ನ ಸಹಿ ಕೇಳುವಂಥದ್ದೇನಾದರೂ ಮಾಡು ಎಂದು ಉತ್ತರ ಬರೆದರು. 1961ರಲ್ಲಿ ‘ಯಯಾತಿ’ ಅಚ್ಚಾದದ್ದು ಇದೇ ಗ್ರಂಥಮಾಲೆಯಿಂದ. ‘ಇದೂ ಲಕ್ಷ್ಮಣ್ ಕತಿ ಆತಲ್ಲೋ ತಮ್ಮಾ’ ಎಂದು ಅಪ್ಪ ನಕ್ಕರು. ಯುವಕನಿಗೆ ಅರ್ಥವಾಗಲಿಲ್ಲ. ಮಗಳಿಗೆ ಆಯಿತು.

ಅರ್ಜಿಯ ಕೊನೆಯ ದಿನಕ್ಕೆ ಮುಂಚೆಯೇ ಅಪ್ಪ ಶುಲ್ಕ ಕಟ್ಟಿದರು. ಸಿಇಟಿಯನ್ನೂ ಬರೆಯಬೇಕೆಂಬ ಷರತ್ತಿನ ಮೇಲೆ. ಸಂಚಿಕೆಯಲ್ಲಿ ಬಂದ ಲೇಖನದಲ್ಲಿ ಆ ಹನ್ನೆರಡು ಪ್ರಶ್ನೆಗಳಲ್ಲಿ ಒಂದೂ ಉಳಿದಿರಲಿಲ್ಲ. ‘ಇಷ್ಟು ಧೈರ್ಯದ ಪ್ರಶ್ನೆ ಹೆಂಗ ಹೊಳೀತು?’ ಎಂದು ಮೇಡಂ ಕೇಳಿದರಂತೆ. ಹುಡುಗಿ ಸುಮ್ಮನಿದ್ದಳು.

ಪ್ರವೇಶ ಪರೀಕ್ಷೆಯ ಮೊದಲ ಹಂತ ದಾಟಿದಳು, ಎರಡನೆಯದರಲ್ಲಿ ಆಗಲಿಲ್ಲ. ಎರಡು ದಿನ ಬಾಗಿಲು ಹಾಕಿಕೊಂಡಿದ್ದಳು. ನಾನು ಹೇಳಿರಲಿಲ್ಲವೇ ಎಂದು ಅಪ್ಪ ಒಮ್ಮೆಯೂ ಅನ್ನಲಿಲ್ಲ; ಅನ್ನಲು ಬಾಯಿ ತೆಗೆದದ್ದನ್ನು ಅಮ್ಮ ಒಂದು ಸಲ ನೋಡಿದ್ದುಂಟು. 2024ರಲ್ಲಿ ಹುಡುಗಿ ಊರಿನಲ್ಲೇ ಬಿ.ಎಸ್ಸಿ.ಗೆ ಸೇರಿದಳು, ಮತ್ತೊಮ್ಮೆ ಬರೆಯುತ್ತೇನೆಂದಳು. ಶನಿವಾರ ಮಧ್ಯಾಹ್ನ ಆ ಮಾಳಿಗೆಯ ಕೋಣೆಗೆ ಹೋಗಿ ಒತ್ತಕ್ಷರ ಕೂಡಿಸುವುದು ರೂಢಿಯಾಯಿತು.

ಎರಡು ತಿಂಗಳಾದ ಮೇಲೆ ಒಂದು ಶನಿವಾರ ಅಪ್ಪ ಪೇಪರಿನಿಂದ ತಲೆಯೆತ್ತಿ ಕೇಳಿದರು. ‘ಅಂವಾ ನಿನಗ ಎಷ್ಟು ಕೊಡ್ತಾನ?’

‘ಸದ್ಯ ಏನೂ ಇಲ್ಲಪ್ಪಾ. ಕಲಿಯಾಕತ್ತೀನಿ.’

ಅಪ್ಪ ಪೇಪರ್ ಮಡಚಿಟ್ಟು ಮೊಳೆಗೆ ಹಾಕಿದ್ದ ಸ್ಕೂಟರಿನ ಕೀಲಿ ತಕ್ಕೊಂಡರು. ‘ನಡಿ, ನಾನೂ ಬರ್ತೀನಿ. ಕೇಳಬೇಕು.’